ಹೊಸ ಡಿಸ್ಕ್‌ಗೆ ವಿಂಡೋಸ್ ಇನ್‌ಸ್ಟಾಲ್ ಆಗ್ತಿಲ್ವಾ? ಎಲ್ಲಿ ನಿಂತಿತು ಅಂತ ಮೊದಲು ನೋಡಿ

ರಾತ್ರಿ ಹತ್ತು ಗಂಟೆಗೆ ದಾವಣಗೆರೆಯಿಂದ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮಾ, ಹೊಸ ಎಸ್‌ಎಸ್‌ಡಿನೇ ಹಾಳಾಗಿದೆ, ವಿಂಡೋಸ್ ತಗೊಳ್ತಿಲ್ಲ, ನಾಳೆ ಅಂಗಡಿಗೆ ವಾಪಸ್ ಕೊಟ್ಟು ಬರ್ತೀನಿ." ಸ್ಕ್ರೀನಿನ ಫೋಟೋ ಕಳಿಸು ಅಂದೆ. ಕಳಿಸಿದ. ನೋಡಿದರೆ ಡಿಸ್ಕ್ ಕಾಣಿಸುತ್ತಿದೆ, 465 ಜಿಬಿ ಅಂತ ಸೈಜ್ ಕೂಡ ಇದೆ. ಕೆಳಗೆ ಹಳದಿ ತ್ರಿಕೋನದ ಪಕ್ಕ ಒಂದು ಸಾಲಿದೆ, ಅದನ್ನು ಅವನು ಓದೇ ಇಲ್ಲ. "ಅದರ ಮೇಲೆ ಕ್ಲಿಕ್ ಮಾಡೋ, ಏನು ಬರುತ್ತೋ ಪೂರ್ತಿ ಓದು" ಅಂದೆ. ಓದಿದ. ಈ ಡಿಸ್ಕ್‌ನಲ್ಲಿ ಎಂಬಿಆರ್ ಪಾರ್ಟಿಷನ್ ಟೇಬಲ್ ಇದೆ, ಇಎಫ್‌ಐ ಸಿಸ್ಟಮ್ ಆದರೆ ಜಿಪಿಟಿ ಡಿಸ್ಕ್‌ಗೆ ಮಾತ್ರ ವಿಂಡೋಸ್ ಹಾಕಬಹುದು ಅಂತಿತ್ತು (ಈ ಹೆಸರುಗಳ ಅರ್ಥ ಮುಂದೆ ಹೇಳುತ್ತೇನೆ). ಹಿಂದಿನ ದಿನ ಗೆಳೆಯನ ಹಳೇ ಕಂಪ್ಯೂಟರ್‌ಗೆ ಸಿಕ್ಕಿಸಿ ಫಾರ್ಮ್ಯಾಟ್ ಮಾಡಿಕೊಂಡು ಬಂದಿದ್ದನಂತೆ, ಅಲ್ಲಿ ಎಂಬಿಆರ್ ಆಗಿಬಿಟ್ಟಿದೆ. ಡಿಸ್ಕ್‌ಗೆ ಏನೂ ಆಗಿರಲಿಲ್ಲ. ಹತ್ತು ನಿಮಿಷದಲ್ಲಿ ಸರಿಹೋಯಿತು.

ಇಂಥ ಫೋನ್ ನನಗೆ ಆಗಾಗ ಬರುತ್ತದೆ. ಹಳೇ ಹಾರ್ಡ್ ಡಿಸ್ಕ್ ಹೋಗಿದೆ, ಹೊಸದು ತಂದು ಹಾಕಿದ್ದಾರೆ, ಓಎಸ್ (ವಿಂಡೋಸ್, ಉಬುಂಟು ಥರದ ಮೂಲ ಸಾಫ್ಟ್‌ವೇರ್) ಮಾತ್ರ ಹೋಗಿ ಕೂರುತ್ತಿಲ್ಲ. ಎಲ್ಲರ ಅನುಮಾನ ಮೊದಲು ಹೊಸ ಡಿಸ್ಕ್ ಮೇಲೆಯೇ. ನಾನು ಕಂಡಷ್ಟರಲ್ಲಿ ಡಿಸ್ಕ್‌ನದೇ ತಪ್ಪಾಗಿರುವುದು ಕಡಿಮೆ. ಸಡಿಲವಾದ ಕೇಬಲ್, ಬಯೋಸ್‌ನ (ಆನ್ ಮಾಡಿದಾಗ ಓಎಸ್‌ಗಿಂತ ಮೊದಲು ಏಳುವ ಪ್ರೋಗ್ರಾಂ) ಒಂದು ಸೆಟ್ಟಿಂಗ್, ಅರ್ಧಂಬರ್ಧ ಬರೆದ ಪೆನ್‌ಡ್ರೈವ್, ಇಲ್ಲಾ ಕೆಟ್ಟ ರ‍್ಯಾಮ್. ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಕೆಲಸ ಎಲ್ಲಿ ನಿಂತಿತು ಅನ್ನುವುದರಿಂದ. ಡಿಸ್ಕ್ ಕಾಣಿಸಲೇ ಇಲ್ಲವಾ, ಕಾಣಿಸಿದರೂ ಒಪ್ಪಲಿಲ್ಲವಾ, ನಡುವೆ ಕೈಕೊಟ್ಟಿತಾ, ಎಲ್ಲ ಮುಗಿದ ಮೇಲೆ ಬೂಟ್ ಆಗಲಿಲ್ಲವಾ? ಒಂದೊಂದಕ್ಕೂ ಕಾರಣ ಬೇರೆ. ಆದ್ದರಿಂದ ಎರರ್ ಬಂದ ತಕ್ಷಣ ಗಾಬರಿಯಾಗಿ ಮುಚ್ಚಬೇಡಿ. ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಕೆಳಗಿನ ಸಣ್ಣಕ್ಷರದ ಸಾಲು, ಎರರ್ ನಂಬರ್ ಎಲ್ಲ ಬರಬೇಕು. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡಿ. ಕೇಬಲ್ಲು, ಪೆನ್‌ಡ್ರೈವು, ಬಯೋಸ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅನ್ನುವುದೇ ತಿಳಿಯುವುದಿಲ್ಲ.

ಹಳೇ ಡಿಸ್ಕ್ ಮೊದಲು ಬಿಚ್ಚಿಡಿ

ಇದನ್ನು ಎಲ್ಲಕ್ಕಿಂತ ಮುಂಚೆ ಹೇಳಲೇಬೇಕು. ಡೆಸ್ಕ್‌ಟಾಪ್ ಆಗಿದ್ದರೆ ಹೊಸ ಡಿಸ್ಕ್ ಒಂದನ್ನು ಬಿಟ್ಟು ಉಳಿದ ಎಲ್ಲ ಡಿಸ್ಕ್‌ಗಳ ಕೇಬಲ್ ಕಿತ್ತಿಡಿ. ಲ್ಯಾಪ್‌ಟಾಪ್‌ನಲ್ಲಿ ಹಳೇದನ್ನು ಡಿವಿಡಿ ಜಾಗದಲ್ಲಿ ಕ್ಯಾಡಿ (ಡಿಸ್ಕ್ ಹಿಡಿದುಕೊಳ್ಳುವ ಚೌಕಟ್ಟು) ಹಾಕಿ ಕೂರಿಸಿದ್ದರೆ ಅದನ್ನೂ ಹೊರಗೆ ತೆಗೆಯಿರಿ. ಹೊರಗಿನ ಯುಎಸ್‌ಬಿ ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದರೆ ಅದೂ ಬೇಡ. ಪವರ್ ಪೂರ್ತಿ ಆಫ್ ಮಾಡಿಯೇ ಕೈ ಹಾಕಿ, ಡೆಸ್ಕ್‌ಟಾಪ್ ಆದರೆ ಗೋಡೆಯ ಪ್ಲಗ್ ಕೂಡ ತೆಗೆಯಿರಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಡಿಸ್ಕ್ ಆರಿಸುವ ಪರದೆಯಲ್ಲಿ ಡಿಸ್ಕ್ 0, ಡಿಸ್ಕ್ 1 ಅಂತ ಅಷ್ಟೇ ಇರುತ್ತದೆ. ಇದರಲ್ಲಿ ಮಗಳ ಮೊದಲ ಹುಟ್ಟುಹಬ್ಬದ ಫೋಟೋ ಇದೆ ಅಂತ ಅದು ಹೇಳುವುದಿಲ್ಲ. ಮೂರು ಸಲ ಫೇಲ್ ಆಗಿ ಬೇಸತ್ತು ಕೂತವರು ನಾಲ್ಕನೇ ಸಲ ಎದುರಿಗೆ ಕಂಡ ಪಾರ್ಟಿಷನ್ ಎಲ್ಲ ಡಿಲೀಟ್ ಒತ್ತುತ್ತಾ ಹೋಗುತ್ತಾರೆ. ಅದರಲ್ಲಿ ಹಳೇ ಡಿಸ್ಕ್‌ನದೂ ಸೇರಿಕೊಂಡಿದ್ದರೆ? ಹಾರ್ಡ್ ಡಿಸ್ಕ್ ದುಡ್ಡು ಕೊಟ್ಟರೆ ಇನ್ನೊಂದು ಸಿಗುತ್ತದೆ, ಆ ಫೋಟೋ ಸಿಗುವುದಿಲ್ಲ.

ಇನ್ನೊಂದು ಕಾರಣ ಎಷ್ಟೋ ಜನರಿಗೆ ಗೊತ್ತಿಲ್ಲ. ಹಳೇ ಡಿಸ್ಕ್‌ನಲ್ಲಿ ಈಗಾಗಲೇ ಇಎಫ್‌ಐ ಪಾರ್ಟಿಷನ್ (ಬೂಟ್ ಫೈಲ್‌ಗಳಿಗೆಂದೇ ಇರುವ ಸಣ್ಣ ಭಾಗ) ಇದ್ದರೆ, ವಿಂಡೋಸ್ ಸೆಟಪ್ ಬೂಟ್ ಫೈಲ್‌ಗಳನ್ನು ಅದರಲ್ಲೇ ಬರೆದುಬಿಡಬಹುದು. ಅಂದರೆ ವಿಂಡೋಸ್ ಇರುವುದು ಹೊಸ ಡಿಸ್ಕ್‌ನಲ್ಲಿ, ಅದನ್ನು ಎಬ್ಬಿಸುವ ಫೈಲ್ ಮಾತ್ರ ಹಳೇದರಲ್ಲಿ. ಎಲ್ಲ ಚೆನ್ನಾಗಿ ನಡೆಯುತ್ತಿರುತ್ತದೆ. ಒಂದು ದಿನ ಹಳೇ ಡಿಸ್ಕ್ ಕಿತ್ತರೆ ಅಥವಾ ಅದೇ ಸತ್ತರೆ, ಬೂಟ್ ಮಾಡಲು ಡಿಸ್ಕ್ ಇಲ್ಲ ಅಂತ ಕಪ್ಪು ಪರದೆ ಬರುತ್ತದೆ.

ಹಳೇ ಡಿಸ್ಕ್ ಇನ್ನೂ ಓಡುತ್ತಿದ್ದರೆ ಬಿಚ್ಚುವ ಮೊದಲು ಅದರಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಆನ್ ಇದೆಯಾ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀ ಇರುತ್ತದೆ, ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೇವ್ ಆಗಿರುತ್ತದೆ, ಅದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ನಾಳೆ ಆ ಡಿಸ್ಕ್ ತೆರೆಯಲು ಹೋದಾಗ ಆ ಕೀ ಇಲ್ಲದೆ ಒಂದು ಫೈಲೂ ಸಿಗುವುದಿಲ್ಲ.

ಡಿಸ್ಕ್ ಕಾಣಿಸುತ್ತಲೇ ಇಲ್ಲ

ಸೆಟಪ್ ಪರದೆಯಲ್ಲಿ ಡಿಸ್ಕ್ ಕಾಣದಿದ್ದರೆ ಅಲ್ಲೇ ಒದ್ದಾಡಬೇಡಿ, ಮೊದಲು ಬಯೋಸ್‌ಗೆ ಹೋಗಿ. ಡೆಲ್, ಲೆನೊವೊ, ಏಸರ್, ಏಸಸ್ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಆನ್ ಮಾಡಿದ ಕೂಡಲೇ ಎಫ್2 ಒತ್ತುತ್ತಿರಬೇಕು, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್10, ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಡಿಲೀಟ್ ಕೀ. ಒಳಗೆ ಸ್ಟೋರೇಜ್ ಅಥವಾ ಸಾಟಾ (ಡಿಸ್ಕ್ ಜೋಡಿಸುವ ಒಂದು ರೀತಿ) ಅಂತ ಇರುವಲ್ಲಿ ಹೊಸ ಡಿಸ್ಕ್‌ನ ಹೆಸರು ಇದೆಯಾ ನೋಡಿ.

ಬಯೋಸ್‌ನಲ್ಲೂ ಇಲ್ಲದಿದ್ದರೆ ವಿಂಡೋಸ್‌ಗೂ ಇದಕ್ಕೂ ಸಂಬಂಧವಿಲ್ಲ, ಜೋಡಣೆಯ ತೊಂದರೆ. ಡೆಸ್ಕ್‌ಟಾಪ್ ಆದರೆ ಎರಡು ಕೇಬಲ್ ಇರುತ್ತವೆ, ಒಂದು ಪವರ್, ಒಂದು ಡೇಟಾ. ಎರಡನ್ನೂ ಕಿತ್ತು ಮತ್ತೆ ಗಟ್ಟಿಯಾಗಿ ಒತ್ತಿ. ಆಗಲಿಲ್ಲವಾ, ಡೇಟಾ ಕೇಬಲ್ ಬದಲಾಯಿಸಿ. ಅದೂ ಆಗಲಿಲ್ಲವಾ, ಮದರ್‌ಬೋರ್ಡ್‌ನ ಬೇರೆ ಸಾಟಾ ಪೋರ್ಟ್‌ಗೆ ಹಾಕಿ. ಕೆಲವು ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್‌ಗೆ (ಕೇಬಲ್ ಇಲ್ಲದೆ ಬೋರ್ಡ್‌ಗೇ ಕೂರುವ ಪಟ್ಟಿಯಂಥ ಎಸ್‌ಎಸ್‌ಡಿಯ ಜಾಗ) ಡ್ರೈವ್ ಹಾಕಿದರೆ ಒಂದೋ ಎರಡೋ ಸಾಟಾ ಪೋರ್ಟ್ ತಾನಾಗಿ ಬಂದ್ ಆಗುತ್ತವೆ, ಬೋರ್ಡ್‌ನ ಮ್ಯಾನುಯಲ್‌ನಲ್ಲಿ ಯಾವುದು ಅಂತ ಬರೆದಿರುತ್ತಾರೆ. ಲ್ಯಾಪ್‌ಟಾಪ್‌ನ 2.5 ಇಂಚಿನ ಎಸ್‌ಎಸ್‌ಡಿ ಹಳೇ ಹಾರ್ಡ್ ಡಿಸ್ಕ್‌ಗಿಂತ ತೆಳ್ಳಗಿರುತ್ತದೆ, ಹಳೇದು 9.5 ಮಿಲಿಮೀಟರ್ ಇದ್ದರೆ ಇದು 7. ಸುತ್ತಲಿನ ಕ್ಯಾಡಿಗೆ ಸ್ಕ್ರೂ ಹಾಕದೆ ಸುಮ್ನೆ ಇಟ್ಟರೆ ಅಲುಗಾಡಿ ಕನೆಕ್ಟರ್‌ನಿಂದ ಹೊರಗೆ ಸರಿಯುತ್ತದೆ.

ಎಂ.2 ಡ್ರೈವ್‌ನದು ಬೇರೆ ಕಥೆ. ನೋಡಲು ಒಂದೇ ಥರ ಇದ್ದರೂ ಒಳಗೆ ಎರಡು ಜಾತಿ, ಸಾಟಾ ಮತ್ತು ಎನ್‌ವಿಎಂಇ. ನಿಮ್ಮ ಸ್ಲಾಟ್ ಯಾವುದನ್ನು ಒಪ್ಪುತ್ತದೆ ಅಂತ ಕೊಳ್ಳುವ ಮೊದಲೇ ಮಾಡೆಲ್ ನಂಬರ್ ಹಾಕಿ ನೋಡಿಕೊಳ್ಳಬೇಕು. ಸಾಟಾ ಮಾತ್ರ ಒಪ್ಪುವ ಸ್ಲಾಟ್‌ಗೆ ಎನ್‌ವಿಎಂಇ ಹಾಕಿದರೆ ಎಷ್ಟು ಹೊತ್ತು ಕೂತರೂ ಕಾಣುವುದಿಲ್ಲ. ಕೂರಿಸುವಾಗ ಓರೆಯಾಗಿ ಹಿಡಿದು, ಚಿನ್ನದ ಬಣ್ಣದ ಕಾಲುಗಳು ಪೂರ್ತಿ ಒಳಗೆ ಹೋಗುವವರೆಗೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿ ಸ್ಕ್ರೂ ಹಾಕಬೇಕು. ಅರ್ಧ ತಳ್ಳಿ ಸ್ಕ್ರೂ ಬಿಗಿದವರನ್ನು ನೋಡಿದ್ದೇನೆ, ಮೇಲಿಂದ ನೋಡಿದರೆ ಸರಿಯಾಗಿ ಕೂತಂತೆಯೇ ಕಾಣುತ್ತದೆ.

ಬಯೋಸ್‌ನಲ್ಲಿ ಕಾಣುತ್ತದೆ, ವಿಂಡೋಸ್ ಸೆಟಪ್‌ನಲ್ಲಿ ಮಾತ್ರ ಕಾಣುವುದಿಲ್ಲ ಅನ್ನುವುದಾದರೆ ಖುಷಿಪಡಿ, ಡಿಸ್ಕ್ ಹೆಚ್ಚಾಗಿ ಚೆನ್ನಾಗಿಯೇ ಇದೆ. ಇಂಟೆಲ್ 11ನೇ ತಲೆಮಾರು ಮತ್ತು ಆಮೇಲಿನ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಅವುಗಳಲ್ಲಿ ವಿಎಂಡಿ ಅಂತ ಒಂದು ಸೆಟ್ಟಿಂಗ್ ಆನ್ ಆಗಿ ಬರುತ್ತದೆ. ಅದು ಡಿಸ್ಕ್ ಮತ್ತು ಓಎಸ್ ನಡುವೆ ನಿಂತಿರುತ್ತದೆ, ಅದರ ಡ್ರೈವರ್ ಇಲ್ಲದಿದ್ದರೆ ಸೆಟಪ್‌ಗೆ ಹಿಂದಿನ ಡಿಸ್ಕ್ ಕಾಣುವುದೇ ಇಲ್ಲ. ಎರಡು ದಾರಿ ಇವೆ. ಲ್ಯಾಪ್‌ಟಾಪ್ ಕಂಪನಿಯ ಸೈಟ್‌ನಲ್ಲಿ ನಿಮ್ಮ ಮಾಡೆಲ್‌ನ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿಕೊಂಡು, ಎಕ್ಸ್‌ಟ್ರಾಕ್ಟ್ ಮಾಡಿ, ಆ ಫೋಲ್ಡರನ್ನು ಅದೇ ಪೆನ್‌ಡ್ರೈವ್‌ಗೆ ಹಾಕಿ, ಸೆಟಪ್‌ನಲ್ಲಿ ಲೋಡ್ ಡ್ರೈವರ್ ಒತ್ತಿ ತೋರಿಸಬೇಕು. ಎಕ್ಸ್‌ಟ್ರಾಕ್ಟ್ ಮಾಡದೆ ಇಳಿಸಿದ ಫೈಲನ್ನೇ ಹಾಗೇ ಹಾಕಿದರೆ ಸೆಟಪ್‌ಗೆ ಅದು ತಿಳಿಯುವುದಿಲ್ಲ, ಐಎನ್‌ಎಫ್ ಫೈಲ್ ಇರುವ ಫೋಲ್ಡರೇ ಬೇಕು. ಇನ್ನೊಂದು ದಾರಿ, ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡುವುದು. ಕೆಲವು ಏಸರ್ ಲ್ಯಾಪ್‌ಟಾಪ್‌ಗಳಲ್ಲಿ ಆ ಸಾಲು ಅಡಗಿರುತ್ತದೆ, ಮೇನ್ ಟ್ಯಾಬ್‌ನಲ್ಲಿ ನಿಂತು ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಹೊರಗೆ ಬರುತ್ತದೆ. ಹೊಸ ಖಾಲಿ ಡಿಸ್ಕ್ ಒಂದೇ ಇದ್ದಾಗ ಆಫ್ ಮಾಡಿದರೆ ತೊಂದರೆ ಇಲ್ಲ. ಆದರೆ ಅದೇ ಯಂತ್ರದಲ್ಲಿ ಮೊದಲೇ ವಿಂಡೋಸ್ ಇರುವ ಡಿಸ್ಕ್ ಇದ್ದರೆ ಅದು ನೀಲಿ ಪರದೆ ತೋರಿಸಿ ನಿಲ್ಲಬಹುದು, ಸೆಟ್ಟಿಂಗ್ ವಾಪಸ್ ಹಾಕಿದರೆ ಸರಿಹೋಗುತ್ತದೆ. ಉಬುಂಟು ಹಾಕುವವರಿಗೂ ಡಿಸ್ಕ್ ಕಾಣದಿದ್ದರೆ ಇದೇ ಉಪಾಯ, ಬಯೋಸ್‌ನ ಸ್ಟೋರೇಜ್ ಸೆಟ್ಟಿಂಗ್‌ನಲ್ಲಿ ರೇಡ್ ಅಂತ ಇರುವುದನ್ನು ಎಎಚ್‌ಸಿಐ ಮಾಡಿ.

ಕಾಣಿಸುತ್ತದೆ, ಒಪ್ಪುತ್ತಿಲ್ಲ

ಮೊದಲು ಒಂದು ಸಮಾಧಾನದ ಮಾತು. 500 ಜಿಬಿ ಕೊಂಡರೆ 465 ಅಂತಲೇ ತೋರಿಸುತ್ತದೆ, 1 ಟಿಬಿ ಕೊಂಡರೆ 931. ಯಾರೂ ಮೋಸ ಮಾಡಿಲ್ಲ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಈಗ ಅಕ್ಕನ ಮಗನಿಗೆ ಬಂದ ಎರರ್. ಕಂಪ್ಯೂಟರ್ ಎದ್ದೇಳುವ ರೀತಿ ಎರಡು, ಹಳೇದು ಲೆಗಸಿ, ಹೊಸದು ಯುಇಎಫ್‌ಐ. ಡಿಸ್ಕ್‌ನ ಪಾರ್ಟಿಷನ್ ಲೆಕ್ಕ ಬರೆದಿಡುವ ರೀತಿಯೂ ಎರಡು, ಹಳೇದು ಎಂಬಿಆರ್, ಹೊಸದು ಜಿಪಿಟಿ. ವಿಂಡೋಸ್ ಹಾಕುವಾಗ ಇವೆರಡೂ ಜೋಡಿ ಸೇರಬೇಕು, ಲೆಗಸಿಗೆ ಎಂಬಿಆರ್, ಯುಇಎಫ್‌ಐಗೆ ಜಿಪಿಟಿ. ಅದಲುಬದಲಾದರೆ ಸೆಟಪ್ ಒಪ್ಪುವುದಿಲ್ಲ. ಪೂರ್ತಿ ಹೊಸ ಡಿಸ್ಕ್‌ನಲ್ಲಿ ಎರಡೂ ಇರುವುದಿಲ್ಲ, ಆಗ ಸೆಟಪ್ ತಾನೇ ಸರಿಯಾದದ್ದನ್ನು ಬರೆದುಕೊಳ್ಳುತ್ತದೆ. ಆದ್ದರಿಂದ ಹೊಸ ಡಿಸ್ಕ್ ತಂದವರು ಮೊದಲೇ ಬೇರೆ ಕಡೆ ಫಾರ್ಮ್ಯಾಟ್ ಮಾಡಿಸಿಕೊಂಡು ಬರುವ ಅಗತ್ಯವೇ ಇಲ್ಲ. ಖಾಲಿ ಡಿಸ್ಕ್ ಖಾಲಿಯಾಗಿಯೇ ಇರಲಿ.

ಪೆನ್‌ಡ್ರೈವ್ ಯಾವ ರೀತಿಯಲ್ಲಿ ಬೂಟ್ ಆಯಿತು ಅನ್ನುವುದೂ ಇಲ್ಲಿ ಮುಖ್ಯ. ಬೂಟ್ ಮೆನು ತೆರೆಯಿರಿ (ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9). ಎಷ್ಟೋ ಕಂಪ್ಯೂಟರ್‌ಗಳಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ. ಒಂದು ಸಾಲಿನಲ್ಲಿ ಬರೀ ಅದರ ಹೆಸರು, ಇನ್ನೊಂದು ಸಾಲಿನಲ್ಲಿ ಹೆಸರಿನ ಹಿಂದೆ ಯುಇಎಫ್‌ಐ ಅಂತ ಇರುತ್ತದೆ. ಯುಇಎಫ್‌ಐ ಇರುವ ಸಾಲನ್ನೇ ಆರಿಸಿ. ಕಳೆದ ಹತ್ತು ವರ್ಷದೊಳಗಿನ ಯಂತ್ರವಾದರೆ ಬೇರೆ ಯೋಚನೆ ಬೇಡ. ಡಿಸ್ಕ್ 2 ಟಿಬಿಗಿಂತ ದೊಡ್ಡದಾದರೆ ಎಂಬಿಆರ್‌ಗೆ ಆ ಮೇಲಿನ ಜಾಗ ಲೆಕ್ಕಕ್ಕೇ ಸಿಗುವುದಿಲ್ಲ, 4 ಟಿಬಿ ಕೊಂಡು ಅರ್ಧ ಮಾತ್ರ ಬಳಸಿದ ಹಾಗಾಗುತ್ತದೆ.

ಡಿಸ್ಕ್ ಈಗಾಗಲೇ ಎಂಬಿಆರ್ ಆಗಿಬಿಟ್ಟಿದ್ದರೆ ಹೀಗೆ ಮಾಡಿ. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ ಮಾಡಿ. ಸೆಟಪ್ ಪರದೆಯಲ್ಲಿದ್ದಾಗಲೇ ಶಿಫ್ಟ್ ಹಿಡಿದು ಎಫ್10 ಒತ್ತಿ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜೊತೆಗೆ ಎಫ್‌ಎನ್ ಕೀ ಕೂಡ ಒತ್ತಬೇಕು. ಕಪ್ಪು ಕಿಟಕಿ ತೆರೆಯುತ್ತದೆ. ಡಿಸ್ಕ್‌ಪಾರ್ಟ್ ಅಂತ ಒಂದೇ ಪದವಾಗಿ ಬರೆದು ಎಂಟರ್ ಕೊಡಿ. ಆಮೇಲೆ ಲಿಸ್ಟ್ ಡಿಸ್ಕ್. ಈಗ ಒಂದು ಪಟ್ಟಿ ಬರುತ್ತದೆ, ಇಲ್ಲಿ ಒಂದು ನಿಮಿಷ ನಿಲ್ಲಿ. ಅಕ್ಕನ ಮಗನ ಪರದೆಯಲ್ಲಿ ಎರಡು ಸಾಲಿದ್ದವು. ಡಿಸ್ಕ್ 0 ಎದುರಿಗೆ 465 ಜಿಬಿ, ಡಿಸ್ಕ್ 1 ಎದುರಿಗೆ 14 ಜಿಬಿ. ಆ 14 ಯಾವುದು ಅಂತ ಅವನು ಹೆದರಿದ, ಅದು ಅವನ 16 ಜಿಬಿ ಪೆನ್‌ಡ್ರೈವೇ. ಬಲಗಡೆ ಕೊನೆಯಲ್ಲಿ ಜಿಪಿಟಿ ಅನ್ನುವ ಕಾಲಂ ಇದೆ, ಅದರ ಕೆಳಗೆ ನಕ್ಷತ್ರದ ಗುರುತು ಇದ್ದರೆ ಆ ಡಿಸ್ಕ್ ಜಿಪಿಟಿ ಅಂತ ಅರ್ಥ. ಡಿಸ್ಕ್ 0 ಎದುರಿಗೆ ನಕ್ಷತ್ರ ಇರಲಿಲ್ಲ. ಸೈಜ್ ನೋಡಿ ಯಾವ ನಂಬರ್ ನಿಮ್ಮ ಹೊಸ ಡಿಸ್ಕ್ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ, ಆಮೇಲೆ ಸೆಲೆಕ್ಟ್ ಡಿಸ್ಕ್ ಅಂತ ಬರೆದು ಆ ನಂಬರ್ ಹಾಕಿ. ನಂತರ ಕ್ಲೀನ್. ಇದು ಆ ಡಿಸ್ಕ್‌ನ ಪಾರ್ಟಿಷನ್ ಎಲ್ಲವನ್ನೂ ಅಳಿಸುತ್ತದೆ, ಖಚಿತವಾ ಅಂತ ಒಂದು ಮಾತೂ ಕೇಳುವುದಿಲ್ಲ. ಹಳೇ ಡಿಸ್ಕ್ ಬಿಚ್ಚಿಡಿ ಅಂತ ಅಷ್ಟು ಹೇಳಿದ್ದು ಈ ಘಳಿಗೆಗಾಗಿಯೇ. ಕೊನೆಗೆ ಕನ್ವರ್ಟ್ ಜಿಪಿಟಿ. ಮತ್ತೆ ಲಿಸ್ಟ್ ಡಿಸ್ಕ್ ಕೊಟ್ಟರೆ ನಕ್ಷತ್ರ ಬಂದಿರುತ್ತದೆ. ಎಕ್ಸಿಟ್ ಅಂತ ಎರಡು ಸಲ ಕೊಟ್ಟು ಕಿಟಕಿ ಮುಚ್ಚಿ, ರಿಫ್ರೆಶ್ ಒತ್ತಿ, ಅನ್‌ಅಲೊಕೇಟೆಡ್ ಅಂತ ತೋರಿಸುವ ಸಾಲನ್ನು ಆರಿಸಿ ನೆಕ್ಸ್ಟ್ ಕೊಡಿ. ನೀವಾಗಿ ಪಾರ್ಟಿಷನ್ ಮಾಡಲು ಹೋಗಬೇಡಿ, ತನಗೆ ಬೇಕಾದ ಸಣ್ಣ ಪಾರ್ಟಿಷನ್‌ಗಳನ್ನೆಲ್ಲ ವಿಂಡೋಸೇ ಮಾಡಿಕೊಳ್ಳುತ್ತದೆ.

ಹೊಸ ಪಾರ್ಟಿಷನ್ ಮಾಡಲಾಗಲಿಲ್ಲ, ಇರುವುದೂ ಸಿಗಲಿಲ್ಲ ಅನ್ನುವ ಇನ್ನೊಂದು ಎರರ್ ಇದೆ. ಅದಕ್ಕೂ ಹೆಚ್ಚಿನ ಸಲ ಇದೇ ಮದ್ದು. ಬೇರೆ ಡಿಸ್ಕ್, ಮೆಮೊರಿ ಕಾರ್ಡ್ ಎಲ್ಲ ಹೊರಗೆ ತೆಗೆದು, ಹೊಸ ಡಿಸ್ಕ್ ಕ್ಲೀನ್ ಮಾಡಿ, ಪೆನ್‌ಡ್ರೈವನ್ನು ಬೂಟ್ ಮೆನುವಿನಿಂದಲೇ ಆರಿಸಿ ಮತ್ತೆ ಶುರು ಮಾಡಿ.

ಈ ಪಿಸಿಯಲ್ಲಿ ವಿಂಡೋಸ್ 11 ಓಡಲ್ಲ ಅಂತ ಬಂದರೆ ಅದು ಡಿಸ್ಕ್‌ನ ವಿಷಯವೇ ಅಲ್ಲ. ಟಿಪಿಎಂ 2.0 (ಭದ್ರತೆಗಾಗಿ ಇರುವ ಭಾಗ), ಸೆಕ್ಯೂರ್ ಬೂಟ್‌ಗೆ ಬೇಕಾದ ಯುಇಎಫ್‌ಐ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಪಟ್ಟಿಯಲ್ಲಿರುವ ಪ್ರೊಸೆಸರ್ ಇವೆಲ್ಲ ಅದಕ್ಕೆ ಬೇಕು. ಟಿಪಿಎಂ ಎಷ್ಟೋ ಬೋರ್ಡ್‌ಗಳಲ್ಲಿ ಇದ್ದೂ ಆಫ್ ಆಗಿರುತ್ತದೆ, ಬಯೋಸ್‌ನಲ್ಲಿ ಇಂಟೆಲ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಅನ್ನುವ ಹೆಸರಲ್ಲಿ ಹುಡುಕಿ. ನಿಜವಾಗಿಯೂ ಹಳೇ ಯಂತ್ರವಾದರೆ ಉಬುಂಟು ಹಾಕಿ ಅನ್ನುತ್ತೇನೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಬ್ಯಾಂಕ್ ಕೆಲಸ ಮಾಡುವ ಕಂಪ್ಯೂಟರ್‌ಗೆ ಸೆಕ್ಯುರಿಟಿ ಅಪ್‌ಡೇಟ್ ಇಲ್ಲದ ಓಎಸ್ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ನಡುವೆ ನಿಂತುಹೋಗುತ್ತದೆ

ಇದು ಎಲ್ಲಕ್ಕಿಂತ ಸತಾಯಿಸುವ ತೊಂದರೆ. ಶುರುವಾಗುತ್ತದೆ, ಫೈಲ್ ಕಾಪಿ ಆಗುತ್ತಾ ಹೋಗುತ್ತದೆ, ಎಲ್ಲೋ ಒಂದು ಕಡೆ ನಿಂತು ಎರರ್ ಕೊಡುತ್ತದೆ. ಕೊನೆಯಲ್ಲಿ 0570 ಅಥವಾ 025ಡಿ ಇರುವ ನಂಬರ್ ಬಂದರೆ ಫೈಲ್ ಓದಲು ಆಗುತ್ತಿಲ್ಲ ಅಂತ ಅರ್ಥ. ಅನುಮಾನ ಮೊದಲು ಪೆನ್‌ಡ್ರೈವ್ ಮೇಲೆ ಇರಲಿ.

ವಿಂಡೋಸ್ 11ರ ಫೈಲ್ 5 ಜಿಬಿಗೂ ಜಾಸ್ತಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸುವಾಗ ದಿನದ ಡೇಟಾ ಮುಗಿದು, ಮತ್ತೆ ಮುಂದುವರಿಸಿ, ಮಧ್ಯೆ ಕರೆಂಟ್ ಹೋಗಿ, ಹೀಗೆಲ್ಲ ಆದ ಫೈಲನ್ನು ನಂಬಬೇಡಿ. ಐಎಸ್‌ಒ (ಇಡೀ ಸೆಟಪ್ ಒಂದೇ ಫೈಲಾಗಿ) ಇಳಿಸಿದ್ದರೆ ಅದರ ಹ್ಯಾಶ್ (ಫೈಲ್‌ನಿಂದ ಲೆಕ್ಕ ಹಾಕಿದ ಗುರುತಿನ ಉದ್ದ ಸಾಲು) ನೋಡಿ, ಮೈಕ್ರೋಸಾಫ್ಟ್ ಮತ್ತು ಉಬುಂಟು ಇಬ್ಬರೂ ಸರಿಯಾದ ಹ್ಯಾಶ್ ಕೊಟ್ಟಿರುತ್ತಾರೆ. ಒಂದು ಅಕ್ಷರ ಬೇರೆಯಾಗಿದ್ದರೂ ಮತ್ತೆ ಇಳಿಸಿ. ಪೆನ್‌ಡ್ರೈವ್ ಕನಿಷ್ಠ 8 ಜಿಬಿಯದು ಬೇಕು. ಸೆಟಪ್ ಫೈಲ್‌ಗಳನ್ನು ಸುಮ್ನೆ ಕಾಪಿ ಪೇಸ್ಟ್ ಮಾಡಿದರೂ ಎಡವಟ್ಟಾಗುತ್ತದೆ. ಯುಇಎಫ್‌ಐಗೆ ಫ್ಯಾಟ್32 (ಫಾರ್ಮ್ಯಾಟ್ ಮಾಡುವ ಒಂದು ರೀತಿ) ಇರುವ ಪೆನ್‌ಡ್ರೈವ್ ಬೇಕು, ಆದರೆ ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ಐಎಸ್‌ಒ ಒಳಗಿನ ದೊಡ್ಡ ಫೈಲ್ ಅದಕ್ಕಿಂತ ದೊಡ್ಡದಿರುತ್ತದೆ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಅಥವಾ ರೂಫಸ್ ಬಳಸಿ, ಅವು ಇದನ್ನೆಲ್ಲ ನೋಡಿಕೊಳ್ಳುತ್ತವೆ. ಆಮೇಲೂ ಆಗದಿದ್ದರೆ ಬೇರೆ ಯುಎಸ್‌ಬಿ ಪೋರ್ಟ್‌ಗೆ ಹಾಕಿ. ಡೆಸ್ಕ್‌ಟಾಪ್‌ನಲ್ಲಿ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ, ಹಬ್ ಇಲ್ಲದೆ. ಕೊನೆಗೆ ಬೇರೆ ಪೆನ್‌ಡ್ರೈವೇ ತನ್ನಿ.

ಪೆನ್‌ಡ್ರೈವ್ ಬದಲಾಯಿಸಿದ ಮೇಲೂ ಒಂದೊಂದು ಸಲ ಒಂದೊಂದು ಕಡೆ ನಿಂತರೆ? ನಮ್ಮ ಎದುರು ಮನೆಯವರ ಡೆಸ್ಕ್‌ಟಾಪ್‌ನಲ್ಲಿ ಹೀಗೇ ಆಗಿತ್ತು. ಮೊದಲ ಸಲ 34 ಪರ್ಸೆಂಟ್‌ಗೆ ನಿಂತಿತು. ಎರಡನೇ ಸಲ 71ಕ್ಕೆ. ಮೂರನೇ ಸಲ 12ಕ್ಕೇ ನಿಂತು ಬೇರೆಯೇ ನಂಬರ್ ಕೊಟ್ಟಿತು. ಅವರು ಅಂಗಡಿಗೆ ಹೋಗಿ ಎಸ್‌ಎಸ್‌ಡಿ ಬದಲಾಯಿಸಿಕೊಂಡು ಬಂದರು, ಅಂಗಡಿಯವರು ಮರುಮಾತಿಲ್ಲದೆ ಕೊಟ್ಟರು. ಹೊಸದಕ್ಕೂ ಅದೇ ಕಥೆ. ಆಗ ನನ್ನನ್ನು ಕರೆದರು. ಒಂದೇ ಜಾಗದಲ್ಲಿ ನಿಂತರೆ ಫೈಲೋ ಡಿಸ್ಕೋ ಅನ್ನಬಹುದು, ಸಲಕ್ಕೊಂದು ಜಾಗದಲ್ಲಿ ನಿಂತರೆ ನನ್ನ ಕೈ ಮೊದಲು ರ‍್ಯಾಮ್ ಕಡೆ ಹೋಗುತ್ತದೆ. ಅವರ ಬೋರ್ಡ್‌ನಲ್ಲಿ 4 ಜಿಬಿಯ ಎರಡು ಸ್ಟಿಕ್ ಇದ್ದವು. ಒಂದನ್ನು ತೆಗೆದಿಟ್ಟೆ, ಇನ್‌ಸ್ಟಾಲ್ ಸರಾಗವಾಗಿ ಮುಗಿಯಿತು. ತೆಗೆದಿಟ್ಟ ಸ್ಟಿಕ್ ಒಂದನ್ನೇ ಹಾಕಿ ಮೆಮ್‌ಟೆಸ್ಟ್86 ಪ್ಲಸ್ ಅನ್ನುವ ಪರೀಕ್ಷೆಯ ಪ್ರೋಗ್ರಾಂ ಓಡಿಸಿದೆ, ಐದು ನಿಮಿಷದಲ್ಲಿ ಪರದೆ ತುಂಬಾ ಕೆಂಪು ಸಾಲು.

ದಿನನಿತ್ಯ ಬ್ರೌಸರ್ ಓಡಿಸುವಾಗ ಅವರಿಗೆ ಆ ರ‍್ಯಾಮ್ ತೊಂದರೆ ಗೊತ್ತಾಗಿರಲಿಲ್ಲ. ಇನ್‌ಸ್ಟಾಲ್ ಮಾಡುವಾಗ ಯಾಕೆ ಗೊತ್ತಾಯಿತು ಅಂದರೆ, ಸೆಟಪ್‌ನ ದೊಡ್ಡ ಫೈಲ್ ಒತ್ತಿ ಕಟ್ಟಿದ ಗಂಟಿನ ಹಾಗೆ. ಅದನ್ನು ರ‍್ಯಾಮ್‌ನಲ್ಲಿ ಬಿಚ್ಚಿ ಡಿಸ್ಕ್‌ಗೆ ಬರೆಯಬೇಕು, ಬಿಚ್ಚಿದ್ದು ಸರಿ ಇದೆಯಾ ಅಂತ ಲೆಕ್ಕ ತಾಳೆ ನೋಡಬೇಕು. ಕೆಟ್ಟ ಜಾಗದಲ್ಲಿ ಒಂದೇ ಒಂದು ಬಿಟ್ ಉಲ್ಟಾ ಆದರೂ ತಾಳೆಯಾಗುವುದಿಲ್ಲ, ಫೈಲ್ ಹಾಳಾಗಿದೆ ಅಂತ ಎರರ್ ಬರುತ್ತದೆ. ಫೈಲ್ ಚೆನ್ನಾಗಿಯೇ ಇರುತ್ತದೆ. ಎರಡು ಸ್ಟಿಕ್ ಇದ್ದವರು ಒಂದೊಂದೇ ಹಾಕಿ ನೋಡಿ, ಐದು ಪೈಸೆ ಖರ್ಚಿಲ್ಲ. ಕಾಲುಗಳನ್ನು ಒಣಬಟ್ಟೆಯಿಂದ ಒರೆಸಿ ಮತ್ತೆ ಕೂರಿಸಿದರೆ ಸರಿಹೋಗುವುದೂ ಉಂಟು.

ಡಿಸ್ಕ್‌ನ ಆರೋಗ್ಯ ನೋಡಲು ನನಗೆ ಇಷ್ಟವಾದ ದಾರಿ ಉಬುಂಟು ಪೆನ್‌ಡ್ರೈವ್. ಇನ್‌ಸ್ಟಾಲ್ ಮಾಡದೆ ಟ್ರೈ ಉಬುಂಟು ಅಂತ ಆರಿಸಿ, ಒಳಗೆ ಡಿಸ್ಕ್ಸ್ ಅನ್ನುವ ಪ್ರೋಗ್ರಾಂ ತೆರೆಯಿರಿ, ಮೆನುವಿನಲ್ಲಿ ಸ್ಮಾರ್ಟ್ ಡೇಟಾ ಅಂತ ಇರುತ್ತದೆ. ರೀಅಲೊಕೇಟೆಡ್ ಮತ್ತು ಪೆಂಡಿಂಗ್ ಸೆಕ್ಟರ್‌ಗಳ (ಕೆಟ್ಟ ಅಥವಾ ಅನುಮಾನದ ಜಾಗ) ಲೆಕ್ಕ ಹೊಸ ಹಾರ್ಡ್ ಡಿಸ್ಕ್‌ನಲ್ಲಿ ಸೊನ್ನೆ ಇರಬೇಕು. ಪವರ್ ಆನ್ ಅವರ್ಸ್ ಕೂಡ ನೋಡಿ, ನಿನ್ನೆ ಕೊಂಡ ಡಿಸ್ಕ್‌ನಲ್ಲಿ ಸಾವಿರಾರು ಗಂಟೆ ತೋರಿಸಿದರೆ ಅದು ಬೇರೆಯವರ ಕೈಯಲ್ಲಿ ಓಡಿದ ಮಾಲು. ಸಿಆರ್‌ಸಿ ಎರರ್ ಅನ್ನುವ ಸಂಖ್ಯೆ ಏರುತ್ತಿದ್ದರೆ ಕೇಬಲ್ ಬದಲಾಯಿಸಿ. ಆ ಸಂಖ್ಯೆ ಮತ್ತೆ ಸೊನ್ನೆಯಾಗುವುದಿಲ್ಲ, ಆಮೇಲೆ ಏರದೆ ನಿಂತರೆ ಸಾಕು. ತಿರುಗುವ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಬಡಿಯುತ್ತಿದ್ದರೆ ಮಾತ್ರ ಇಷ್ಟೆಲ್ಲ ಮಾಡಬೇಡಿ, ಆಫ್ ಮಾಡಿ, ಬಿಲ್ ಸಮೇತ ವಾಪಸ್ ಕೊಡಿ.

ಮುಗಿಯಿತು, ಬೂಟ್ ಆಗುತ್ತಿಲ್ಲ

ಇನ್‌ಸ್ಟಾಲ್ ನಡುವೆ ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುತ್ತದೆ. ಆಗ ಬೂಟ್ ಪಟ್ಟಿಯಲ್ಲಿ ಪೆನ್‌ಡ್ರೈವ್ ಮೇಲಿದ್ದರೆ ಮತ್ತೆ ಮೊದಲ ಪರದೆಗೇ ಬರುತ್ತದೆ. ಫೇಲ್ ಆಯಿತು ಅಂದುಕೊಂಡು ಮೂರು ಮೂರು ಸಲ ಮೊದಲಿಂದ ಮಾಡುವವರಿದ್ದಾರೆ. ಅದು ಫೇಲ್ ಆಗಿಲ್ಲ, ಮೊದಲ ರೀಸ್ಟಾರ್ಟ್‌ಗೆ ಪರದೆ ಕಪ್ಪಾದ ಕೂಡಲೇ ಪೆನ್‌ಡ್ರೈವ್ ಎಳೆದುಬಿಡಿ, ಉಳಿದದ್ದನ್ನು ಡಿಸ್ಕ್‌ನಿಂದಲೇ ಮುಂದುವರಿಸುತ್ತದೆ.

ಪೆನ್‌ಡ್ರೈವ್ ತೆಗೆದ ಮೇಲೆ ಬೂಟ್ ಮಾಡಲು ಏನೂ ಇಲ್ಲ ಅಂತ ಬಂದರೆ ಬಯೋಸ್‌ನ ಬೂಟ್ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನುವ ಹೆಸರು ಇದೆಯಾ ನೋಡಿ, ಇದ್ದರೆ ಅದನ್ನು ಮೇಲಕ್ಕೆ ತನ್ನಿ. ಲೆಗಸಿ ಅಂತ ಬದಲಾಗಿದ್ದರೆ ಯುಇಎಫ್‌ಐಗೆ ತನ್ನಿ. ಹಳೇ ಡಿಸ್ಕ್ ಸಿಕ್ಕಿಸಿದಾಗ ಮಾತ್ರ ಬೂಟ್ ಆಗುತ್ತದೆ ಅಂದರೆ ಮೇಲೆ ಹೇಳಿದ ಹಾಗೆ ಬೂಟ್ ಫೈಲ್ ಅಲ್ಲಿ ಹೋಗಿ ಕೂತಿದೆ. ಅದನ್ನು ಕಮಾಂಡ್ ಕೊಟ್ಟು ಹೊಸ ಡಿಸ್ಕ್‌ಗೆ ತರಬಹುದು. ಆದರೆ ಈಗಷ್ಟೇ ಹಾಕಿದ ವಿಂಡೋಸ್, ಒಳಗೆ ನಿಮ್ಮದು ಇನ್ನೂ ಏನೂ ಇಲ್ಲ ಅಲ್ವಾ? ಹಳೇದನ್ನು ಬಿಚ್ಚಿ ಇನ್ನೊಂದು ಸಲ ಇನ್‌ಸ್ಟಾಲ್ ಮಾಡುವುದೇ ಸುಲಭ, ಎಸ್‌ಎಸ್‌ಡಿಯಲ್ಲಿ ಅರ್ಧ ಗಂಟೆಯ ಕೆಲಸ.

ಇನ್ನೊಂದು ಕಡೆ ಜನ ಸಿಕ್ಕಿಹಾಕಿಕೊಳ್ಳುವುದು ಕೊನೆಯಲ್ಲಿ, ಇಂಟರ್ನೆಟ್ ಕನೆಕ್ಟ್ ಮಾಡಿ ಅನ್ನುವ ಪರದೆಯಲ್ಲಿ. ವೈಫೈ ಪಟ್ಟಿ ಖಾಲಿ, ನೆಕ್ಸ್ಟ್ ಒತ್ತಲು ಬರುವುದಿಲ್ಲ. ಹೊಸ ವಿಂಡೋಸ್‌ನಲ್ಲಿ ನಿಮ್ಮ ವೈಫೈ ಚಿಪ್‌ನ ಡ್ರೈವರ್ ಇಲ್ಲ, ಅಷ್ಟೇ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಕಂಪ್ಯೂಟರ್‌ಗೆ ಸಿಕ್ಕಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನೆಟ್ ಬರುತ್ತದೆ, ಆಮೇಲೆ ವೈಫೈ ಡ್ರೈವರನ್ನು ಅಪ್‌ಡೇಟ್‌ನಿಂದಲೇ ಇಳಿಸಿಕೊಳ್ಳಬಹುದು.

ಪ್ರಾಡಕ್ಟ್ ಕೀ ಕೇಳಿದರೆ, ವಿಂಡೋಸ್ ಜೊತೆಗೇ ಬಂದ ಲ್ಯಾಪ್‌ಟಾಪ್ ಆಗಿದ್ದರೆ ಕೀ ಇಲ್ಲ ಅಂತ ಆರಿಸಿ ಮುಂದೆ ಹೋಗಿ. ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ, ಡಿಸ್ಕ್ ಬದಲಾದರೂ ಹೋಗುವುದಿಲ್ಲ. ಮೊದಲಿದ್ದದ್ದು ಹೋಮ್ ಆದರೆ ಹೋಮ್ ಅನ್ನೇ ಹಾಕಿ.

ಹೊಸ ವಿಂಡೋಸ್ ಎದ್ದು ಎರಡು ಮೂರು ಸಲ ಸರಿಯಾಗಿ ಆನ್ ಆಫ್ ಆದ ಮೇಲೆ ಹಳೇ ಡಿಸ್ಕ್ ಕೈಗೆತ್ತಿಕೊಳ್ಳಿ. ಸಾಟಾದಿಂದ ಯುಎಸ್‌ಬಿಗೆ ಹಾಕುವ ಕೇಬಲ್ ಸಿಗುತ್ತದೆ, 2.5 ಇಂಚಿನದಕ್ಕೆ ಅದೊಂದೇ ಸಾಕು, ಡೆಸ್ಕ್‌ಟಾಪ್‌ನ ದೊಡ್ಡ ಡಿಸ್ಕ್‌ಗೆ ಬೇರೆ ಅಡಾಪ್ಟರ್ ಕೂಡ ಬೇಕು. ಸಿಕ್ಕಿಸಿದಾಗ ಬಿಟ್‌ಲಾಕರ್ ಕೀ ಕೇಳಿದರೆ ಬರೆದಿಟ್ಟ ಹಾಳೆ ತೆಗೆಯಿರಿ. ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು ಅಂತ ಒಂದು ಸಂದೇಶ ಬಂದರೆ ಕ್ಯಾನ್ಸಲ್ ಒತ್ತಿ. ಫಾರ್ಮ್ಯಾಟ್ ಒತ್ತಬೇಡಿ. ತೆರೆದುಕೊಂಡರೆ ಮೊದಲು ಫೋಟೋ ಇರುವ ಫೋಲ್ಡರ್, ಆಮೇಲೆ ಡಾಕ್ಯುಮೆಂಟ್, ಸಿನಿಮಾ ಎಲ್ಲ ಕೊನೆಗೆ ಕಾಪಿ ಮಾಡಿ, ಸಾಯುತ್ತಿರುವ ಡಿಸ್ಕ್ ಎಷ್ಟು ಹೊತ್ತು ಓಡುತ್ತದೋ ಹೇಳಲಾಗುವುದಿಲ್ಲ. ಅಕ್ಕನ ಮಗ ಅವತ್ತು ರಾತ್ರಿ ಒಂದೂವರೆಗೆ ಮೆಸೇಜ್ ಮಾಡಿದ್ದ, ತಾತನ ಫೋಟೋಗಳೆಲ್ಲ ಬಂದವು ಅಂತ.